ಖಾಲಿ ಕುರ್ಚಿಯಲ್ಲಿ ಎರಡು ಬಗೆ

(ಪಕ್ಷದ ತರುಣರ ಅಧ್ಯಯನ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಇಂದಿನ ಗೋಷ್ಠಿಗೆ ನಾವು ಕಾಲ್ಚೆಂಡಾಟದ ಟಿಕೆಟ್ಟಿನ ವಿಷಯವನ್ನು ಆರಿಸಿಕೊಂಡುದಕ್ಕೆ ಕೆಲವು ಹಿರಿಯ ಸಂಗಾತಿಗಳು ಹುಬ್ಬೇರಿಸಿದ್ದಾರೆ. ಅಕ್ಕಿಯ ಧಾರಣೆ ಇದೆ, ಬಗರ್‌ಹುಕುಂ ಜಮೀನಿನ ಪ್ರಶ್ನೆ ಇದೆ, ಗುತ್ತಿಗೆ ಕೆಲಸಗಾರರ ಸಂಬಳದ ಪ್ರಶ್ನೆ ಇದೆ. ಇವನ್ನೆಲ್ಲ ಬಿಟ್ಟು ಚೆಂಡಾಟದ ಮಾತೇಕೆ ಎಂದು ಅವರು ಕೇಳುತ್ತಾರೆ. ಕೇಳುವುದು ನ್ಯಾಯವೇ. ನಮ್ಮ ಉತ್ತರ ಇಷ್ಟು. ದುಡಿಯುವವನ ಕೂಲಿಯ ಮೇಲೆ ಕಣ್ಣಿಟ್ಟವನು ಅವನ ಬಿಡುವಿನ ಮೇಲೆ ಕಣ್ಣಿಡದೆ ಬಿಡುವುದಿಲ್ಲ. ಎಂಟು ಗಂಟೆಯ ದುಡಿಮೆಗಾಗಿ ನಮ್ಮ ಹಿಂದಿನವರು ಹೋರಾಡಿದ್ದು ಉಳಿದ ಹೊತ್ತು ತಮ್ಮದಾಗಲಿ ಎಂದು. ಆ ಹೊತ್ತನ್ನು ಈಗ ಯಾರು ಅಳೆದು ಮಾರುತ್ತಿದ್ದಾರೆ ಎಂದು ನೋಡುವುದು ನಮ್ಮ ಪಕ್ಷದ ಕೆಲಸವೇ ಸರಿ.

ಪತ್ರಿಕೆಗಳಲ್ಲಿ ಆಗಾಗ ಒಂದು ಚಿತ್ರ ಬರುತ್ತದೆ. ಭಾರಿ ಕ್ರೀಡಾಂಗಣ, ಸಾಲುಸಾಲು ಕುರ್ಚಿಗಳು, ಕುಳಿತವರು ಬೆರಳೆಣಿಕೆಯಷ್ಟು. ಕೆಳಗೆ ಬರೆದಿರುತ್ತಾರೆ: ಜನರಲ್ಲಿ ಆಟದ ಉತ್ಸಾಹ ಕುಂದಿದೆ. ಈ ತೀರ್ಪು ಎಷ್ಟರಮಟ್ಟಿಗೆ ನಿಜ? ಕುರ್ಚಿ ಖಾಲಿಯಾಗಿರುವುದು ಕಣ್ಣಿಗೆ ಕಾಣುತ್ತದೆ. ಅದು ಏಕೆ ಖಾಲಿಯಾಯಿತೆಂಬುದು ಕಾಣುವುದಿಲ್ಲ. ಅದನ್ನೇ ಇಂದು ಪರಿಶೀಲಿಸೋಣ.

ಮೊದಲು ಇತಿಹಾಸ. ಈ ಆಟವನ್ನು ಇಂಗ್ಲೆಂಡಿನ ಗಿರಣಿ ಊರುಗಳು ಬೆಳೆಸಿದವು. ಅಲ್ಲಿ 1850ರ ಕಾರ್ಖಾನೆ ಕಾಯಿದೆಯು ಬಟ್ಟೆ ಗಿರಣಿಗಳ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ಮುಗಿಯಬೇಕೆಂದು ವಿಧಿಸಿತು. ಅವರಿಲ್ಲದೆ ಗಿರಣಿ ನಡೆಯದು. ಆದ್ದರಿಂದ ಗಂಡಸರಿಗೂ ಕ್ರಮೇಣ ಆ ಬಿಡುವು ದೊರೆಯಿತು. ಶನಿವಾರ ಮೂರು ಗಂಟೆಗೆ ಪಂದ್ಯ ಎಂಬ ವಾಡಿಕೆ ಬಂದದ್ದು ಹೀಗೆ. ತಂಡಗಳ ಹುಟ್ಟನ್ನು ನೋಡಿರಿ. ಇಂದು ಜಗತ್ಪ್ರಸಿದ್ಧವಾದ ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ರೈಲ್ವೆ ಕೆಲಸಗಾರರು ಕಟ್ಟಿಕೊಂಡ ತಂಡ. ಆರ್ಸೆನಲ್ 1886ರಲ್ಲಿ ವೂಲ್‌ವಿಚ್‌ನ ಮದ್ದುಗುಂಡಿನ ಕಾರ್ಖಾನೆಯ ಕಾರ್ಮಿಕರದು. ವೆಸ್ಟ್ ಹ್ಯಾಮ್ ಹುಟ್ಟಿದ್ದು 1895ರಲ್ಲಿ, ಥೇಮ್ಸ್ ದಂಡೆಯ ಹಡಗುಕಟ್ಟೆಯಲ್ಲಿ. ದುಡಿಯುವವರು ಕಟ್ಟಿದರು, ದುಡಿಯುವವರು ನಿಂತು ನೋಡಿದರು.

ಸಂಘಗಳು ಕಂಪನಿಗಳಾದ ಮೇಲೂ ಒಂದು ಅಂಕೆ ಇತ್ತು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ 34ನೆಯ ನಿಯಮದಂತೆ ಪಾಲುದಾರರು ಇಷ್ಟಕ್ಕಿಂತ ಹೆಚ್ಚು ಲಾಭಾಂಶ ತೆಗೆಯುವಂತಿರಲಿಲ್ಲ, ನಿರ್ದೇಶಕರು ಸಂಬಳ ಪಡೆಯುವಂತಿರಲಿಲ್ಲ. 1983ರಲ್ಲಿ ಟಾಟನ್‌ಹ್ಯಾಮ್ ಸಂಘವು ಅದರ ಮೇಲೊಂದು ಒಡೆತನದ ಕಂಪನಿಯನ್ನು ಕಟ್ಟಿ, ಅದರ ಷೇರುಗಳನ್ನು ಪೇಟೆಗೆ ಬಿಟ್ಟು, ಆ ನಿಯಮದ ಬೇಲಿಯನ್ನು ಹಾರಿತು. ಒಂದು ಕುರಿ ಹಾರಿದ ಕಡೆ ಉಳಿದವೂ ಹಾರಿದವು.

ಅನಂತರ ಒಂದು ಮಹಾ ದುರಂತ ಒದಗಿತು. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲಿನ ಪ್ರೇಕ್ಷಕರು ಕಬ್ಬಿಣದ ಬೇಲಿಗಳ ನಡುವೆ ನುಗ್ಗುನುರಿಯಾದರು. ಸತ್ತವರ ಸಂಖ್ಯೆ ಕೊನೆಗೆ 97ಕ್ಕೆ ಮುಟ್ಟಿತು. ಪೊಲೀಸರು ತಪ್ಪನ್ನೆಲ್ಲ ಸತ್ತವರ ತಲೆಗೇ ಕಟ್ಟಿದರು. ಪ್ರೇಕ್ಷಕರದು ತಪ್ಪಿಲ್ಲ, ಇದು ಕಾನೂನುಬಾಹಿರ ಸಾವು ಎಂದು ಪಂಚರ ಬಾಯಲ್ಲಿ ಹೇಳಿಸಲು ಆ ಕುಟುಂಬಗಳು 2016ರವರೆಗೆ ಇಪ್ಪತ್ತೇಳು ವರ್ಷ ಹೋರಾಡಬೇಕಾಯಿತು.

ನ್ಯಾಯಮೂರ್ತಿ ಟೇಲರ್ 1990ರಲ್ಲಿ ಕೊಟ್ಟ ವರದಿಯಲ್ಲಿ, ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಕುರ್ಚಿ ಇರಬೇಕೆಂದು ಸೂಚಿಸಿದರು. ಆದರೆ ಕುರ್ಚಿಯ ನೆಪದಲ್ಲಿ ದರ ಏರಿಸುವುದು ಬೇಡವೆಂಬುದೂ ಅವರ ಅಭಿಪ್ರಾಯವಾಗಿತ್ತು. ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ ಆಗ ಕುರ್ಚಿಗೆ 6 ಪೌಂಡು, ನಿಲ್ಲಲು 4 ಪೌಂಡು ಇದ್ದುದನ್ನು ಅವರು ಉದಾಹರಿಸಿದ್ದರು. ಒಡೆಯರು ವರದಿಯ ಅರ್ಧವನ್ನು ಓದಿದರು, ಇನ್ನರ್ಧವನ್ನು ಮಡಚಿಟ್ಟರು. 1992ರಲ್ಲಿ ದೊಡ್ಡ ಸಂಘಗಳು ಬೇರೆಯಾಗಿ ಪ್ರೀಮಿಯರ್ ಲೀಗ್ ಕಟ್ಟಿಕೊಂಡವು. ಟೆಲಿವಿಷನ್ ಹಕ್ಕು ಐದು ವರ್ಷಕ್ಕೆ 30 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು. ಮೈದಾನ ಹಸನಾಯಿತು, ಸುರಕ್ಷಿತವೂ ಆಯಿತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಿಂತು ನೋಡುತ್ತಿದ್ದ ಹಡಗುಕಟ್ಟೆಯ ಕೂಲಿಯ ಮಗನಿಗೆ ಆ ಕುರ್ಚಿ ಎಟುಕದಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇಂಗ್ಲೆಂಡಿನ ಆ ಮೈದಾನಗಳಲ್ಲಿ ಕುರ್ಚಿಗಳು ಸಾಮಾನ್ಯವಾಗಿ ತುಂಬಿಯೇ ಇರುತ್ತವೆ. ಬಡವ ಬಿಟ್ಟುಹೋದ ಜಾಗಕ್ಕೆ ಉಳ್ಳವನೂ ದೂರದೇಶದ ಪ್ರವಾಸಿಯೂ ಬಂದು ಕುಳಿತಿದ್ದಾರೆ. ಅಲ್ಲಿ ಖಾಲಿಯಾದದ್ದು ಕುರ್ಚಿಯಲ್ಲ, ಒಂದು ವರ್ಗದ ಹಕ್ಕು. ಅದು ಚಿತ್ರದಲ್ಲಿ ಬೀಳುವುದಿಲ್ಲ.

ಲಿವರ್‌ಪೂಲ್ ಸಂಘದ ಅಮೆರಿಕನ್ ಒಡೆಯರು 2016ರ ಆರಂಭದಲ್ಲಿ ಹೊಸ ಅಟ್ಟಣಿಗೆಯ ಅತ್ಯಂತ ದುಬಾರಿ ಟಿಕೆಟ್ಟಿಗೆ 77 ಪೌಂಡು ಎಂದು ಸಾರಿದರು. ಪ್ರೇಕ್ಷಕರ ಸಂಘಗಳು ಮನವಿ ಕೊಟ್ಟವು, ಮಾತಿಗೆ ಕೂತವು, ಫಲವಾಗಲಿಲ್ಲ. ಫೆಬ್ರವರಿ 6ರಂದು ಸಂಡರ್‌ಲ್ಯಾಂಡ್ ತಂಡದ ಎದುರು ಪಂದ್ಯ. ಲಿವರ್‌ಪೂಲ್ 2-0 ಮುಂದಿತ್ತು. 77ನೆಯ ನಿಮಿಷ ಬಂತು. ಸುಮಾರು ಹತ್ತು ಸಾವಿರ ಜನ ಎದ್ದು ನಿಂತರು, ಬೆನ್ನು ತಿರುಗಿಸಿದರು, ಹೊರಗೆ ನಡೆದರು. ಗೆಲ್ಲುತ್ತಿರುವ ತಮ್ಮ ತಂಡವನ್ನು ಬಿಟ್ಟು ನಡೆಯುವುದೆಂದರೆ ಏನೆಂಬುದು ಆಟ ನೋಡಿದವರಿಗೆ ಗೊತ್ತು. ಅವರು ಹೊರಟ ಮೇಲೆ ಎದುರಾಳಿಗಳು ಎರಡು ಗೋಲು ಹೊಡೆದರು. ಪಂದ್ಯ 2-2ರಲ್ಲಿ ಮುಗಿಯಿತು.

ನಾಲ್ಕು ದಿನ ಕಳೆಯುವುದರೊಳಗೆ ಒಡೆಯರು ಕ್ಷಮೆ ಕೇಳಿ 77 ಪೌಂಡಿನ ದರವನ್ನು ಹಿಂತೆಗೆದುಕೊಂಡರು. ಎರಡು ಋತುಗಳವರೆಗೆ ದರ ಏರಿಸುವುದಿಲ್ಲವೆಂದರು. ಮುಂದಿನ ತಿಂಗಳು, ಬಹುಕಾಲದಿಂದ ಪ್ರೇಕ್ಷಕರು ಕೇಳುತ್ತ ಬಂದಿದ್ದ ಇನ್ನೊಂದು ಬೇಡಿಕೆಗೆ ಲೀಗಿನ ಇಪ್ಪತ್ತೂ ಸಂಘಗಳು ತಲೆಬಾಗಿದವು: ಪರಊರಿನಿಂದ ಬರುವ ಪ್ರೇಕ್ಷಕನ ಟಿಕೆಟ್ಟು 30 ಪೌಂಡನ್ನು ಮೀರಕೂಡದು.

ಸಂಗಾತಿಗಳೆ, ಖಾಲಿ ಕುರ್ಚಿಯಲ್ಲಿ ಎರಡು ಬಗೆ ಎಂದು ನಾವು ಹೇಳುವುದು ಇದನ್ನೇ. ಒಂದು, ಹೊರಗೆ ತಳ್ಳಲ್ಪಟ್ಟವನು ಬಿಟ್ಟುಹೋದ ಕುರ್ಚಿ. ಇನ್ನೊಂದು, ಜತೆಗಾರರೊಡನೆ ಮಾತನಾಡಿಕೊಂಡು, ಗೊತ್ತಾದ ನಿಮಿಷಕ್ಕೆ ಎದ್ದುಹೋದವನು ಬಿಟ್ಟ ಕುರ್ಚಿ. ಮೊದಲನೆಯದು ಸೋಲು, ಎರಡನೆಯದು ಮುಷ್ಕರ.

ನೋಡುವವನು ಮುಷ್ಕರ ಹೂಡುವುದುಂಟೆ, ಅವನು ದುಡಿಯುತ್ತಿಲ್ಲವಲ್ಲ ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವನ್ನು ಕೊರೊನಾ ಕಾಲವೇ ಕೊಟ್ಟಿತು. 2020ರಲ್ಲಿ ಮೈದಾನಗಳ ಬಾಗಿಲು ಮುಚ್ಚಿ ಪಂದ್ಯ ಆಡಿಸಿದರು. ಮೌನದಲ್ಲಿ ಆಟ ನೋಡಲಾಗದೆಂದು ಟೆಲಿವಿಷನ್ನಿನವರು ಹಿಂದೆ ಮುದ್ರಿಸಿಟ್ಟಿದ್ದ ಜನರ ಕೂಗನ್ನು ಸೇರಿಸಿ ಪ್ರಸಾರ ಮಾಡಿದರು. 2020-21ರ ಋತುವಿನಲ್ಲಿ ಪ್ರೀಮಿಯರ್ ಲೀಗಿನ ತಂಡಗಳು ತಮ್ಮೂರಿನಲ್ಲಿ ಗೆದ್ದ ಪಂದ್ಯ 144, ಪರಊರಿನಲ್ಲಿ ಗೆದ್ದದ್ದು 153. ಇಂಗ್ಲೆಂಡಿನ ಮೇಲಣ ದರ್ಜೆಯ ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು. ಇದರಿಂದ ಏನು ತಿಳಿಯಿತು? ಜನರ ಕೊರಳೂ ಆಟದ ಒಂದು ಭಾಗ. ಕೋಟಿಗಟ್ಟಲೆಗೆ ಮಾರುವ ಆ ಪ್ರಸಾರದಲ್ಲಿ ಅವರ ಕೂಗೂ ಒಂದು ಸರಕು. ಆ ಸರಕನ್ನು ತಯಾರಿಸುವವನು ಕೂಲಿ ಪಡೆಯುವುದಿಲ್ಲ. ತಾನೇ ದುಡ್ಡು ತೆತ್ತು ಒಳಗೆ ಬರುತ್ತಾನೆ. ಆ ಸಂಘಗಳ ಒಟ್ಟು ವರಮಾನದಲ್ಲಿ ಪಂದ್ಯದ ದಿನದ ಹುಟ್ಟುವಳಿ ಏಳರಲ್ಲೊಂದು ಪಾಲಿನ ಆಸುಪಾಸು ಮಾತ್ರ. ಮಿಕ್ಕದ್ದು ಪ್ರಸಾರ ಮತ್ತು ಜಾಹೀರಾತಿನದು. ಬಡವನ ಟಿಕೆಟ್ಟನ್ನು ಅಗ್ಗ ಮಾಡಿದರೆ ಸಂಘ ಮುಳುಗುತ್ತದೆಂಬ ವಾದ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಹಾಗಿದ್ದೂ 2024ರ ನವೆಂಬರಿನಲ್ಲಿ, ಋತುವಿನ ನಡುವೆಯೇ, ಮ್ಯಾಂಚೆಸ್ಟರ್ ಯುನೈಟೆಡ್ ಉಳಿದ ಸದಸ್ಯರ ಟಿಕೆಟ್ಟುಗಳಿಗೆ 66 ಪೌಂಡು ಎಂದಿತು. ಮಕ್ಕಳಿಗೂ ಇಲ್ಲ, ಮುದುಕರಿಗೂ ಇಲ್ಲ ರಿಯಾಯಿತಿ. ರೈಲ್ವೆ ಕಾರ್ಮಿಕರು ಕಟ್ಟಿದ ತಂಡವೆಂದು ನಾವು ಹೇಳಿದ್ದು ಇದನ್ನೇ.

ಈಗ ಅಮೆರಿಕಕ್ಕೆ ಬನ್ನಿ. 2025ರ ಜೂನ್-ಜುಲೈಯಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಫಾ ಅಲ್ಲಿ ಸಂಘಗಳ ವಿಶ್ವಕಪ್ಪನ್ನು 32 ತಂಡಗಳಿಗೆ ಹಿಗ್ಗಿಸಿ ನಡೆಸಿತು. ಜೂನ್ 16ರಂದು ಅಟ್ಲಾಂಟದಲ್ಲಿ ಚೆಲ್ಸಿ ತಂಡದ ಪಂದ್ಯ. ಸುಮಾರು 71,000 ಜನ ಹಿಡಿಸುವ ಕ್ರೀಡಾಂಗಣಕ್ಕೆ ಬಂದವರು 22,137. ಅಂದು ಸೋಮವಾರ, ಪಂದ್ಯ ಶುರುವಾದದ್ದು ಮಧ್ಯಾಹ್ನ ಮೂರು ಗಂಟೆಗೆ. ಯೂರೋಪಿನಲ್ಲಿ ಆಗ ರಾತ್ರಿ, ಟೆಲಿವಿಷನ್ ನೋಡುವ ಹೊತ್ತು. ಅಟ್ಲಾಂಟದ ಕೆಲಸಗಾರ ಸೋಮವಾರ ಮಧ್ಯಾಹ್ನ ಎಲ್ಲಿರುತ್ತಾನೆಂದು ಕೇಳಿದವರಿಲ್ಲ. ಶನಿವಾರದ ಅರ್ಧ ರಜೆಯಿಂದ ಹುಟ್ಟಿದ ಆಟ ಸೋಮವಾರದ ದುಡಿಮೆಯ ಹೊತ್ತಿಗೆ ಬಂದು ನಿಂತಿತು.

ದರದ ಕಥೆ ಇನ್ನೂ ವಿಚಿತ್ರ. ಬೇಡಿಕೆಗೆ ತಕ್ಕಂತೆ ಗಳಿಗೆಗೊಮ್ಮೆ ದರ ಬದಲಾಯಿಸುವ ಪದ್ಧತಿಯನ್ನು ಅಲ್ಲಿ ಅನುಸರಿಸಿದರು. ಚೆಲ್ಸಿ ಮತ್ತು ಫ್ಲುಮಿನೆನ್ಸ್ ತಂಡಗಳ ಉಪಾಂತ್ಯ ಪಂದ್ಯಕ್ಕೆ 473 ಡಾಲರಿಗೂ ಹೆಚ್ಚಿದ್ದ ಟಿಕೆಟ್ಟು ಪಂದ್ಯ ಹತ್ತಿರವಾದಂತೆ 13 ಡಾಲರು 40 ಸೆಂಟಿಗೆ ಇಳಿಯಿತು. ಮೊದಲೇ ಕೊಂಡವನು ಮೂರ್ಖನಾದ. ನಮ್ಮ ಸೀಮೆಯವರಿಗೆ ಇದು ಹೊಸದಲ್ಲ. 1951ರ ಕಾಗೋಡಿನ ರೈತ ಸತ್ಯಾಗ್ರಹ ನಡೆದದ್ದೇ ಗೇಣಿ ಅಳೆಯುವ ಕೊಳಗದ ತಗಾದೆಯಿಂದ. ಅಳತೆ ಒಡೆಯನ ಕೈಯಲ್ಲಿದ್ದಾಗ ಕೊಳಗ ಅವನಿಗೆ ಬೇಕಾದಂತೆ ಹಿಗ್ಗುತ್ತದೆ. ಅಂದು ಮರದ ಕೊಳಗ, ಇಂದು ಯಂತ್ರದ ಕೊಳಗ. 2026ರ ವಿಶ್ವಕಪ್ಪಿನ ಟಿಕೆಟ್ಟಿಗೂ ಇದೇ ಪದ್ಧತಿ ಬಂದಾಗ ಯೂರೋಪಿನ ಪ್ರೇಕ್ಷಕ ಸಂಘಗಳು 2025ರ ಡಿಸೆಂಬರಿನಲ್ಲಿ ಬೊಬ್ಬೆ ಹಾಕಿದವು. ಕೆಲವೇ ದಿನಗಳಲ್ಲಿ ಫಿಫಾ ತೀರ ಕಡಮೆ ಸಂಖ್ಯೆಯ ಟಿಕೆಟ್ಟುಗಳನ್ನು 60 ಡಾಲರಿಗೆ ಕೊಡುವುದಾಗಿ ಸಾರಿತು. ಕೂಗಿದ್ದಕ್ಕೆ ಬಿದ್ದದ್ದು ಚೂರು. ಆದರೂ ಕೂಗದಿದ್ದರೆ ಅದೂ ಬೀಳುತ್ತಿರಲಿಲ್ಲ.

ಇನ್ನೊಂದು ಸೋಮವಾರವನ್ನು ನೋಡೋಣ. ಜರ್ಮನಿಯಲ್ಲಿ 1998ರಿಂದ ಒಂದು ನಿಯಮವಿದೆ. ಸಂಘ ಕಂಪನಿಯಾದರೂ ಅದರ ಮತಗಳಲ್ಲಿ ಅರ್ಧಕ್ಕಿಂತ ಒಂದಾದರೂ ಹೆಚ್ಚು ಸದಸ್ಯರ ಕೈಯಲ್ಲಿರಬೇಕು. ಇದಕ್ಕೂ ಅಪವಾದಗಳಿವೆ, ಔಷಧದ ಕಂಪನಿ, ಮೋಟಾರು ಕಂಪನಿಗಳ ಕೈಯಲ್ಲಿರುವ ತಂಡಗಳಿವೆ. ಸ್ವರ್ಗವೇನೂ ಅಲ್ಲ. ಆದರೆ ಸದಸ್ಯನಿಗೆ ಮತವಿದ್ದಲ್ಲಿ ಅವನ ಮಾತಿಗೆ ತೂಕವಿದೆ. ಕಲ್ಲಿದ್ದಲು ಉಕ್ಕಿನ ಊರಾದ ಡಾರ್ಟ್‌ಮಂಡಿನಲ್ಲಿ 81,000ಕ್ಕೂ ಹೆಚ್ಚು ಜನ ಹಿಡಿಸುವ ಮೈದಾನವಿದ್ದು, ಅದರ ದಕ್ಷಿಣ ದಿಕ್ಕಿನಲ್ಲಿ ಸುಮಾರು 25,000 ಜನ ನಿಂತು ನೋಡುತ್ತಾರೆ. ಟೆಲಿವಿಷನ್ನಿಗಾಗಿ ಸೋಮವಾರ ರಾತ್ರಿ ಪಂದ್ಯಗಳನ್ನು ಇಟ್ಟಾಗ ಅವರು ಬರಲಾರೆವೆಂದರು. 2018ರ ಫೆಬ್ರವರಿ 26, ಸೋಮವಾರ, ಆಗ್ಸ್‌ಬರ್ಗ್ ತಂಡದೊಡನೆ ಪಂದ್ಯ. ಬಂದವರು 54,300 ಮಾತ್ರ. ತುಂಬಿ ತುಳುಕುವ ಆ ದಕ್ಷಿಣ ಗೋಡೆಯಲ್ಲಿ ಕಾಂಕ್ರೀಟು ಕಾಣುತ್ತಿತ್ತು. ಅದೇ ವರ್ಷ ಸೋಮವಾರದ ಪಂದ್ಯಗಳನ್ನು ಕೈಬಿಡಲು ಲೀಗು ನಿರ್ಧರಿಸಿತು. 2021-22ರಿಂದ ಅವು ನಿಂತವು. ಪ್ರಸಾರದ ಹಕ್ಕಿನ ಪಾಲನ್ನು ಬಂಡವಾಳಗಾರರಿಗೆ ಮಾರಹೊರಟಾಗಲೂ ಪ್ರೇಕ್ಷಕರು ಮೈದಾನಕ್ಕೆ ಟೆನಿಸ್ ಚೆಂಡುಗಳನ್ನು ಎಸೆದು ಪಂದ್ಯಗಳನ್ನು ತಡೆದರು. 2024ರ ಫೆಬ್ರವರಿಯಲ್ಲಿ ಆ ವ್ಯಾಪಾರವೂ ಮುರಿದುಬಿತ್ತು.

ಅಟ್ಲಾಂಟದ ಸೋಮವಾರ, ಡಾರ್ಟ್‌ಮಂಡಿನ ಸೋಮವಾರ ಎರಡರಲ್ಲೂ ಕುರ್ಚಿ ಖಾಲಿ. ಮೊದಲನೆಯದರಿಂದ ಯಾರ ಬದುಕೂ ಬದಲಾಗಲಿಲ್ಲ. ಎರಡನೆಯದು ಕಾನೂನನ್ನು ಬದಲಾಯಿಸಿತು.

ಇನ್ನು ನಮ್ಮ ದೇಶ. ಇಲ್ಲಿ ದರವೊಂದನ್ನೇ ದೂರಿದರೆ ನಾವು ಸುಳ್ಳು ಹೇಳಿದಂತಾಗುತ್ತದೆ. 2018ರ ಜೂನ್ 1ರಂದು ಮುಂಬಯಿಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿತು. ನೋಡಿದವರು 2,569 ಜನ. ಮಾರನೆಯ ದಿನ ನಾಯಕ ಸುನಿಲ್ ಛೇತ್ರಿ, ನಮ್ಮ ಬೆಂಗಳೂರು ತಂಡಕ್ಕೂ ನಾಯಕರಾಗಿದ್ದವರು, ಕೈಮುಗಿದು ಕೇಳಿಕೊಂಡರು: ಬನ್ನಿ, ಬೈಯುವುದಿದ್ದರೂ ಬಂದು ಬೈಯಿರಿ. ಜೂನ್ 4ರ ಕೀನ್ಯ ಪಂದ್ಯಕ್ಕೆ ಟಿಕೆಟ್ಟೆಲ್ಲ ಮಾರಿಹೋದವು. ಮಳೆಯಲ್ಲಿ ನೆನೆಯುತ್ತ ಜನ ನೋಡಿದರು. ಎರಡು ದಿನದಲ್ಲಿ ಮುಂಬಯಿಗೆ ಉತ್ಸಾಹ ಎಲ್ಲಿಂದ ಬಂತು? ಅದು ಇತ್ತು. ಕರೆದವರಿರಲಿಲ್ಲ. ಆದರೆ ಆಡುವವನೇ ದಿನಾಲು ಭಿಕ್ಷೆ ಬೇಡಿ ಮೈದಾನ ತುಂಬಿಸಲಾಗುವುದಿಲ್ಲ. ಆಟಕ್ಕೆ ಊರಿನಲ್ಲಿ ಬೇರು ಇರಬೇಕು.

ಆ ಬೇರು ನಮ್ಮಲ್ಲಿ ಇರಲಿಲ್ಲವೆಂದಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಬಹುಮಂದಿ ಬರಿಗಾಲಲ್ಲಿ ಆಡಿದ ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ಮೇಲೆ ಹೊಡೆದ ಒಂದೇ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ನರದು. ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳಿಗೆ ತಮ್ಮವೇ ತಂಡಗಳಿದ್ದವು. ಆಡುವವನು ಪಕ್ಕದ ಯಂತ್ರದ ಮುಂದೆ ನಿಲ್ಲುವ ಸಂಗಾತಿಯಾಗಿದ್ದ. ಮೈಸೂರು ತಂಡ 1946-47ರಿಂದ 1968-69ರವರೆಗಿನ ಅವಧಿಯಲ್ಲಿ ನಾಲ್ಕು ಸಲ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಅನಂತರ 54 ವರ್ಷಗಳ ಬರಗಾಲ. 2023ರ ಮಾರ್ಚ್ 4ರಂದು ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಗೆದ್ದಿತು. ಎಲ್ಲಿ? ಸೌದಿ ಅರೇಬಿಯದ ರಿಯಾದಿನಲ್ಲಿ! ನಮ್ಮ ಮೇಲಿನವರು ಭಾರತದ ರಾಜ್ಯಗಳ ಪಂದ್ಯವನ್ನು ಕಡಲಾಚೆಗೆ ಸಾಗಿಸಿದ್ದರು. ಅರ್ಧ ಶತಮಾನ ಕಾದ ಬೆಂಗಳೂರಿನ ಮುದುಕ ಅಲ್ಲಿಗೆ ಹೇಗೆ ಹೋಗಬೇಕು? ಶಿಲ್ಲಾಂಗಿನ ಹುಡುಗ ಹೇಗೆ ಹೋಗಬೇಕು? ಆ ಭಾರಿ ಮೈದಾನದಲ್ಲಿ ಬಹುಪಾಲು ಕುರ್ಚಿಗಳು ಖಾಲಿ ಉಳಿದವು. ಉತ್ಸಾಹ ಕುಂದಿದೆಯೆಂದು ಅದಕ್ಕೂ ಬರೆಯುತ್ತೀರಾ?

2010ರಲ್ಲಿ ನಮ್ಮ ಫುಟ್‌ಬಾಲ್ ಮಹಾಮಂಡಲವು ಹದಿನೈದು ವರ್ಷಗಳ ವ್ಯಾಪಾರದ ಹಕ್ಕನ್ನು 700 ಕೋಟಿ ರೂಪಾಯಿಗೆ ಖಾಸಗಿಯವರಿಗೆ ಕೊಟ್ಟಿತು. 2014ರಲ್ಲಿ ಹೊಸ ಲೀಗು ಬಂತು. ಅದರಲ್ಲಿ ಕೆಳಗಿನ ದರ್ಜೆಯ ತಂಡವೊಂದು ಗೆದ್ದು ಮೇಲೇರುವ ದಾರಿ 2023ರವರೆಗೆ ತೆರೆದಿರಲಿಲ್ಲ. ಕರಾರಿನ ಅವಧಿ 2025ರ ಡಿಸೆಂಬರಿನಲ್ಲಿ ಮುಗಿಯುವುದಿತ್ತು. ಜುಲೈಯಲ್ಲೇ ಋತುವನ್ನು ತಡೆಹಿಡಿದರು. ಆಟಗಾರರು ದಿಕ್ಕುತೋಚದೆ ಕುಳಿತರು. ಜನರಿಗೆ ಬೇರಿಲ್ಲದ ಮರಕ್ಕೆ ಇದಕ್ಕಿಂತ ಬೇರೆ ಗತಿ ಯಾವುದು?

ಹಾಗಾದರೆ ನಾವು ಕೇಳುವುದೇನು? ಮೊದಲನೆಯದು, ಸಾರ್ವಜನಿಕ ಮೈದಾನದಲ್ಲಿ ನಡೆಯುವ ಪ್ರತಿಯೊಂದು ಪಂದ್ಯದಲ್ಲೂ ಒಂದು ಪಾಲು ಟಿಕೆಟ್ಟು ಕನಿಷ್ಠ ಕೂಲಿಯ ಒಂದು ಗಂಟೆಯ ದುಡಿಮೆಗೆ ಸಿಗಬೇಕು. ದರವನ್ನು ಮೊದಲೇ ಸಾರಬೇಕು, ಆಮೇಲೆ ಕೊಳಗ ಬದಲಾಯಿಸಕೂಡದು. ಎರಡನೆಯದು, ಪಂದ್ಯದ ಹೊತ್ತನ್ನು ಗೊತ್ತುಮಾಡುವಾಗ ಊರಿನ ದುಡಿಯುವವರ ಬಿಡುವನ್ನು ಕೇಳಬೇಕು. ಮೂರನೆಯದು, ಪ್ರೇಕ್ಷಕರು ಸದಸ್ಯರಾಗಬೇಕು, ಸದಸ್ಯರಿಗೆ ಮತವಿರಬೇಕು. ನಾಲ್ಕನೆಯದು ನಮ್ಮ ಊರಿನದೇ ಮಾತು: ಮಕ್ಕಳು ಆಡುವ ಮೈದಾನವನ್ನು ವಸ್ತುಪ್ರದರ್ಶನಕ್ಕೂ ಮದುವೆಯ ಪೆಂಡಾಲಿಗೂ ಬಾಡಿಗೆಗೆ ಕೊಡುವುದು ನಿಲ್ಲಬೇಕು. ಮೈದಾನವಿಲ್ಲದ ಹುಡುಗ ನಾಳೆ ಆಟಗಾರನೂ ಆಗುವುದಿಲ್ಲ, ಪ್ರೇಕ್ಷಕನೂ ಆಗುವುದಿಲ್ಲ.

ಉಳುವವನೇ ಹೊಲದೊಡೆಯ ಎಂದು ಕೂಗಿ ನಮ್ಮ ಹಿರಿಯರು ಜೈಲಿಗೆ ಹೋದರು. ಅಂದು ಅದನ್ನು ಕೇಳಿ ನಕ್ಕವರಿದ್ದರು. ಕೂಗಿ ಹುರಿದುಂಬಿಸುವವನಿಗೂ ಮೈದಾನದಲ್ಲಿ ಪಾಲಿದೆ ಎಂದರೆ ಇಂದೂ ನಗುವವರಿದ್ದಾರೆ. ನಗಲಿ. ಕುರ್ಚಿಯನ್ನು ಬಿಟ್ಟು ಒಬ್ಬನೇ ಮನೆಗೆ ಹೋದವನು ಏನನ್ನೂ ಪಡೆಯಲಿಲ್ಲ. ಹತ್ತು ಸಾವಿರ ಜನ ಒಟ್ಟಿಗೆ ಎದ್ದಾಗ ನಾಲ್ಕು ದಿನದಲ್ಲಿ ಒಡೆಯ ಬಾಗಿದ. ಈ ಲೆಕ್ಕ ಚೆಂಡಾಟಕ್ಕೆ ಮಾತ್ರ ಸಲ್ಲುವುದಲ್ಲವೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಊರ ಮೈದಾನದಲ್ಲಿ ಹುಡುಗರ ಪಂದ್ಯವಿದೆ. ಟಿಕೆಟ್ಟಿಲ್ಲ, ಕುರ್ಚಿಯೂ ಇಲ್ಲ. ಹುಬ್ಬೇರಿಸಿದ ಹಿರಿಯ ಸಂಗಾತಿಗಳೂ ಬಂದು ನಿಂತು ನೋಡಬೇಕೆಂದು ಕೇಳಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.